ಹತ್ತಕ್ಕೆ ಹೊರಟು ಎರಡಕ್ಕೆ ತಲುಪುವ ವಿಮಾನ

ಮನೆ, ಕಿಟಕಿಯ ಪಕ್ಕ
ಬುಧವಾರ, ಬೆಳಗ್ಗೆ

ಮುದ್ದಿನ ಸೊಸೆ ಪುಟ್ಟಿಗೆ ಸೋದರಮಾವನ ಆಶೀರ್ವಾದ.

ಆಕಾಶಕ್ಕೆ ನನ್ನಷ್ಟು ಸಲ ಹತ್ತಿ ಇಳಿದವನು ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಅಂತ ನಿನಗೆ ಗೊತ್ತೇ ಇದೆ. ದೊಡ್ಡ ದೊಡ್ಡ ಪೈಲಟ್‌ಗಳೂ ಮೋಡ ಕಂಡರೆ ನನಗೆ ಫೋನ್ ಮಾಡಿ, "ಸಾರ್, ಮುಂದೆ ಹೋಗ್ಲಾ?" ಅಂತ ಕೇಳುತ್ತಾರೆ. ಐದು ಮಹಡಿಯ ಬಟ್ಟೆ ಅಂಗಡಿಯಲ್ಲಿ ಲಿಫ್ಟ್ ನಡೆಸುವವನು ಅಂತ ಜನ ಅಂದುಕೊಂಡರೆ ಅಂದುಕೊಳ್ಳಲಿ ಬಿಡು. ನಿನ್ನ ಕಾಲು ಹೇಗಿದೆ? ಪ್ಲಾಸ್ಟರ್ ಒಳಗೆ ತುರಿಸಿತು ಅಂತ ಸ್ಕೇಲ್ ತೂರಿಸಬೇಡ. ಅಷ್ಟು ದೂರದಲ್ಲಿ ಒಂಟಿಕಾಲಲ್ಲಿ ಒಬ್ಬಳೇ ಒದ್ದಾಡುತ್ತಿದ್ದೀಯ ಅಂತ ಕೇಳಿದಾಗಿನಿಂದ ಇಲ್ಲಿ ಯಾರಿಗೂ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವುದರೊಳಗೆ ನಾಲ್ಕು ಸಲ ಎದ್ದು ಟ್ಯಾಕ್ಸಿ ಬಂತಾ ಅಂತ ಇಣುಕಿದೆ. ಈ ಕಾಗದ ನಿಮ್ಮಮ್ಮನ ಚೀಲದಲ್ಲೇ ಬರುತ್ತದೆ. ಅವಳು ಓದದ ಹಾಗೆ ಗಟ್ಟಿಯಾಗಿ ಅಂಟಿಸುತ್ತೇನೆ.

ಅಕ್ಕನಿಗೆ ಬಾಗಿಲು ಮುಚ್ಚಿದ ಜಾಗ ಅಂದರೆ ಎದೆ ಹೊಡೆದುಕೊಳ್ಳುತ್ತದಲ್ಲ? ಒಡಹುಟ್ಟಿದ ತಮ್ಮನ ಲಿಫ್ಟನ್ನೂ ನಂಬದೆ ಇಷ್ಟು ವರ್ಷ ಮೆಟ್ಟಿಲು ಹತ್ತಿದವಳು. ನೀನು ಟಿಕೆಟ್ ಕಳಿಸಿದಾಗ, "ಎಷ್ಟು ಹೊತ್ತು ಕೂಡಿಹಾಕ್ತಾರೋ?" ಅಂದಳು. ನೋಡಿದೆ. ಬೆಳಗ್ಗೆ ಹತ್ತಕ್ಕೆ ಹೊರಡುತ್ತದೆ, ಅದೇ ದಿನ ಮಧ್ಯಾಹ್ನ ಎರಡಕ್ಕೆ ತಲುಪುತ್ತದೆ. ಹಳ್ಳಿ ಶಾಲೆಯಲ್ಲಿ ಕಳೆಯುವ ಲೆಕ್ಕದಲ್ಲಿ ನಾನೇ ಮೊದಲಿಗ. "ನಾಲ್ಕೇ ಗಂಟೆ ಅಕ್ಕ, ಒಂದು ನಿದ್ದೆ" ಅಂದೆ. ಆ ಮಾತು ನಂಬಿ ಪೆಟ್ಟಿಗೆ ತುಂಬತೊಡಗಿದಳು.

ಮೊನ್ನೆ ನಾಲ್ಕನೇ ಮಹಡಿಯ ದರ್ಜಿ ಲಿಫ್ಟಿನಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ. "ಹದಿನಾಲ್ಕು ಸಾವಿರ ಕಿಲೋಮೀಟರು ನಾಲ್ಕು ಗಂಟೇಲಾ? ಅದೇನು ವಿಮಾನಾನೋ ಫಿರಂಗಿ ಗುಂಡೋ? ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ ಕಣಯ್ಯ. ಹದಿನೇಳೂವರೆ ಗಂಟೆ ಪ್ರಯಾಣ!" ಹೇಳಿದರೆ ಅಕ್ಕ ಹೋಗಲ್ಲ ಅಂದೆ. "ಹೇಳಿ ನೋಡು, ಆದ್ರೂ ಹೋಗ್ತಾಳೆ" ಅಂದ. ಪಂದ್ಯ ಕಟ್ಟಿದೆವು. ಬರೀ ಎರಡು ಲೋಟ ಚಹಾಕ್ಕೆ.

ನಿನ್ನೆ ನಿನಗೆ ಶಾಲು ಕೊಳ್ಳಲು ಅಂಗಡಿಗೆ ಬಂದಳು. ಬಾಗಿಲಲ್ಲೇ ಹೇಳಿಬಿಟ್ಟೆ. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ, ಬರಲೇ ಇಲ್ಲ. ಮುಖ ಒರೆಸಿಕೊಂಡು ಸೀದಾ ಲಿಫ್ಟಿನೊಳಗೆ ಹೋಗಿ ನಿಂತು, "ಬಾಗಿಲು ಹಾಕೋ" ಅಂದಳು. ಮೇಲೆ ಹೋದೆವು, ಕೆಳಗೆ ಬಂದೆವು. "ಇನ್ನೊಂದ್ಸಲ" ಅಂದಳು. ಆಮೇಲೆ ಇನ್ನೊಂದು. ಕಣ್ಣು ಮುಚ್ಚಿಕೊಂಡು ನನ್ನ ತೋಳು ಹಿಡಿದಿದ್ದಳು, ಉಗುರಿನ ಗುರುತು ಇನ್ನೂ ಉರಿಯುತ್ತಿದೆ. ಗಿರಾಕಿಗಳು ಮೆಟ್ಟಿಲಲ್ಲಿ ಏದುಸಿರು ಬಿಡುತ್ತ ನನ್ನ ವಂಶವನ್ನೆಲ್ಲ ಜಾಲಾಡಿದರು. ಅಂಗಡಿ ಮುಚ್ಚುವ ಹೊತ್ತಿಗೆ ಕಣ್ಣು ಬಿಟ್ಟು ಕೇಳಿದಳು, "ವಿಮಾನದಲ್ಲಿ ಕೂರೋಕೆ ಕುರ್ಚಿನಾದ್ರೂ ಇರುತ್ತೆ ಅಲ್ವೇನೋ?"

ಟ್ಯಾಕ್ಸಿ ಬಂತು. ಅವಳು ಬರುವ ಮುಂಚೆ ಮನೆಯ ಕಿಟಕಿಗಳನ್ನೆಲ್ಲ ತೆರೆಸಿಡು. ಬೇಗ ಎರಡೂ ಕಾಲಲ್ಲಿ ಓಡಾಡುವಂತಾಗು ಎಂದು ಹರಸುವ,

ನಿನ್ನ ಗಗನವೀರ ಮಾವ

ಮರೆತಿದ್ದೆ: ಪಂದ್ಯ ಚಹಾದ್ದಲ್ಲ. ಅಕ್ಕ ಹೋಗಲ್ಲ ಅಂತ ಕಟ್ಟಿ ಸೋತದ್ದು ಹನ್ನೊಂದು ಸಾವಿರ, ಇಡೀ ತಿಂಗಳ ಸಂಬಳ. ಅವಳಿಗೆ ಹೇಳಬೇಡ. ದುಡ್ಡಿಗೆ ಬೈಯುವವಳಲ್ಲ, "ಮಗಳ ಕಾಲು ಮುರಿದಿರುವಾಗ ನಾನು ಹೋಗಲ್ಲ ಅಂತ ಹೇಗೋ ಅಂದ್ಕೊಂಡೆ?" ಅಂತ ಬೈತಾಳೆ.