ಹಿಂದಿನ ಬೆಂಚಿಗೆ ಪಾಠ

ಜುಲೈ ೮, ಮಂಗಳವಾರ

ನಲವತ್ತೈದಕ್ಕೆ ಶಿಕ್ಷಕಿ ತರಬೇತಿ, ಹೆಜ್ಜೆ ಹೆಜ್ಜೆಗೂ ಭೀತಿ. ಬೆಳಿಗ್ಗೆ ಕಟ್ಟಿದ ಪ್ರಾಸ. ಈಗ ಭೀತಿಯೂ ಇಲ್ಲ.

ಎರಡನೇ ತರಗತಿಗೆ ನನ್ನ ಮೊದಲ ಪಾಠ. ಅಂಕ ಹಾಕುವ ಮೇಡಂ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಎಲೆ, ಕಾಂಡ, ಬೇರು ಎಲ್ಲವನ್ನೂ ಅವರ ಮುಖ ನೋಡಿಕೊಂಡೇ ವಿವರಿಸಿದೆ. ಕೊನೆಗೆ ಮಕ್ಕಳೆಲ್ಲ ನನಗೆ ಬೆನ್ನು ಹಾಕಿ ಅವರತ್ತಲೇ ತಿರುಗಿದರು. ಎರಡು ಜಡೆಯ ಹುಡುಗಿ ಅವರನ್ನು ಕೇಳಿದಳು: "ನಿಮಗಿನ್ನೂ ಗೊತ್ತಾಗ್ಲಿಲ್ವಾ ಮಿಸ್? ಪಾಪ, ಆಂಟಿ ಆಗಿಂದ ಹೇಳ್ಕೊಡ್ತಾನೇ ಇದಾರೆ!"

ಮೇಡಂ ನಕ್ಕರು. "ನಾಳೆ ಮಕ್ಕಳಿಗೆ ಪಾಠ ಮಾಡಿ. ಇಲ್ಲಾಂದ್ರೆ ಪಾಸ್ ಮಾಡೋಕಾಗಲ್ಲ" ಎಂದರು. ನನಗೆ ನಗುವೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಮನೆಯಲ್ಲಿ ಇವರು "ಹೇಗಾಯ್ತೇ?" ಎಂದಾಗ "ಆಯ್ತು" ಎಂದೆ.

ಈಗ ಮಕ್ಕಳ ಮುಖ ನೆನಪಿಸಿಕೊಳ್ಳಲು ಕೂತರೆ ಒಂದೂ ಬರುತ್ತಿಲ್ಲ, ಆ ಎರಡು ಜಡೆಯವಳದು ಬಿಟ್ಟು. ಸರಿ, ನಾಳೆ ಅವಳಿಗೇ ಹೇಳಿಕೊಡೋಣ. ಎಲೆ, ಕಾಂಡ, ಆಮೇಲೆ ಬೇರು.