ಬಂಡೆಮ್ಮನ ಟೊಂಕದಲ್ಲಿ ಹೊಲಿಗೆ ಹುಡುಕಿದವರಿಗೆ

ಕಾರ್ಮಿಕರ ದವಾಖಾನೆಯ ಮಾನ್ಯ ವೈದ್ಯಾಧಿಕಾರಿಗಳೇ,

ಟೊಂಕ ನೋಯುತ್ತಿದ್ದ ಹೆಂಗಸಿಗೆ ‘ಗಾಯ ಮಾಯ್ದಿದೆ, ಕೆಲಸಕ್ಕೆ ಯೋಗ್ಯಳು’ ಎಂದು ಚೀಟಿ ಬರೆದುಕೊಟ್ಟ ನಿಮ್ಮ ವಿದ್ವತ್ತಿಗೆ ಮೊದಲು ನಮಸ್ಕಾರ. ಬಗ್ಗಿ ಮಾಡಲಾರೆ, ನನಗೂ ಅದೇ ನೋವು. ಕನ್ನಡದಲ್ಲಿ ಬರೆಯುತ್ತಿರುವುದು ಬೇಕೆಂದೇ. ತರ್ಜುಮೆ ಮಾಡುವವರನ್ನು ಹುಡುಕಿಕೊಂಡು ಅಲೆಯುವ ಸುಖ ನಿಮಗೂ ಒಮ್ಮೆ ಸಿಗಲಿ.

ಬಂಡೆಮ್ಮ ಯಾದಗಿರಿ ಕಡೆಯವಳು. ಹದಿನಾಲ್ಕು ವರ್ಷದಿಂದ ಹೈದರಾಬಾದಿನಲ್ಲಿ ಕಾಂಕ್ರೀಟ್ ಪುಟ್ಟಿ ಹೊರುತ್ತಿದ್ದಾಳೆ. ಈಗ ಮಾದಾಪುರದಲ್ಲಿ, ಕಂಪ್ಯೂಟರಿನವರಿಗಾಗಿ ಏಳುತ್ತಿರುವ ಗಾಜಿನ ಕಟ್ಟಡದಲ್ಲಿ. ಹೋದ ತಿಂಗಳು ಅಲ್ಲಿಗೆ ಬೆನ್ನುನೋವು ಬಾರದಂಥ ವಿಶೇಷ ಕುರ್ಚಿಗಳು ಬಂದವು. ಲಿಫ್ಟು ಇನ್ನೂ ಶುರುವಾಗಿರಲಿಲ್ಲ. ಆರನೇ ಅಂತಸ್ತಿಗೆ ಅವನ್ನು ತಲೆಯ ಮೇಲೆ ಹೊತ್ತವಳು ಬಂಡೆಮ್ಮ. ಆ ಕುರ್ಚಿಗಳಿಂದ ಬೆನ್ನುನೋವು ಬಂದದ್ದು ಬಹುಶಃ ಇವಳೊಬ್ಬಳಿಗೇ!

ಅಂದಿನಿಂದ ಅವಳು ಮಗ್ಗಲು ಬದಲಿಸುವುದೂ ಕಂತಿನಲ್ಲಿ: ಮೊದಲು ಮೊಣಕಾಲು, ಆಮೇಲೆ ಸೊಂಟ, ಎಲ್ಲಕ್ಕೂ ಕೊನೆಗೆ ತಲೆ. ಸೀನು ಬರುವ ಸುಳಿವು ಸಿಕ್ಕರೆ ಕಂಬ ಹಿಡಿಯುತ್ತಾಳೆ. ಕೆಳಗೆ ಬಿದ್ದದ್ದನ್ನು ಕಾಲ್ಬೆರಳಲ್ಲಿ ಎತ್ತುತ್ತಾಳೆ. ಸೀರೆಯ ನೆರಿಗೆ ಜಾರಿದರೆ ಸೊಸೆ ಸಾಬಮ್ಮ ಓಡಿಬರಬೇಕು. ಷೇರ್ ಆಟೋದಿಂದ ಅವಳು ಇಳಿದು ಮುಗಿಸುವಷ್ಟರಲ್ಲಿ ಹಿಂದಿನ ಬಸ್ಸಿನವನು ಅವಳ ಮೂರು ತಲೆಮಾರನ್ನು ಬೈದು ಮುಗಿಸಿರುತ್ತಾನೆ.

ಅವಳಿಗೆ ಬೇಕಿದ್ದದ್ದು ‘ಹೊರೆ ಹೊರಿಸಬಾರದು’ ಎಂಬ ಒಂದು ಸಾಲು. ಅದಿದ್ದರೆ ಮೇಸ್ತ್ರಿ ಗುರುಶಾಂತ ಅವಳಿಗೆ ಪೈಪು ಹಿಡಿದು ಗೋಡೆಗೆ ನೀರು ಹೊಡೆಯುವ ಕೆಲಸ ಕೊಡುತ್ತಿದ್ದ. ಇಲ್ಲದಿದ್ದರೆ ಪುಟ್ಟಿ, ಅದೂ ಆಗದಿದ್ದರೆ ಊರಿನ ಬಸ್ಸು.

ಮಂಗಳವಾರ ನಾನೇ ಅವಳನ್ನು ನಿಮ್ಮಲ್ಲಿಗೆ ಕರೆತಂದೆ.

“ಟೊಂಕ ಹಿಡದೈತ್ರಿ ಡಾಕ್ಟ್ರ,” ಎಂದಳು.

“ಟಾಂಕಾ? ಕಿಧರ್ ಹೈ?” ಎಂದಿರಿ.

“ಇಲ್ಲೇ ಹಿಂದ ಐತಿ ನೋಡ್ರಿ.”

ನಾನು ಬಾಯಿ ಹಾಕಿದೆ. “ಲೈನ್ ಮೇ ಠಹರೋ ಅಮ್ಮಾ,” ಎಂದು ನನ್ನನ್ನು ಬಾಗಿಲಾಚೆ ಅಟ್ಟಿದಿರಿ. ನಿಮ್ಮ ಆಯಾ ಪರದೆಯ ಹಿಂದೆ ಅವಳ ಬೆನ್ನನ್ನು ಕುತ್ತಿಗೆಯಿಂದ ಕೆಳತನಕ ತಡಕಾಡಿ, “ಟಾಂಕಾ ನಹೀಂ ಹೈ ಸಾಬ್,” ಎಂದು ಕೂಗಿದಳು.

ಬಂಡೆಮ್ಮನಿಗೆ ‘ನಹೀಂ’ ಗೊತ್ತು. “ಅಯ್ಯ, ಟೊಂಕನ ಇಲ್ಲಂದ್ರ ನಾ ಹೆಂಗ ನಿಂತೀನ್ರಿ?” ಎಂದು ಕೇಳಿದಳು. ನೀವು ಆಗಲೇ ಚೀಟಿ ಬರೆಯುತ್ತಿದ್ದಿರಿ.

ಮಾನ್ಯರೇ, ಟಾಂಕಾ ನಿಮ್ಮ ಉರ್ದುವಿನಲ್ಲಿ ಗಾಯಕ್ಕೆ ಹಾಕುವ ಹೊಲಿಗೆ. ಟೊಂಕ ನಮ್ಮ ಸೊಂಟ. ಈ ನಗರವನ್ನು ಕಟ್ಟಲು ಸರ್ಕಾರ ಟೊಂಕಕಟ್ಟಿ ನಿಂತಿದೆಯಂತೆ. ಕಟ್ಟಿಕೊಂಡ ಟೊಂಕ ಯಾರದ್ದೆಂದು ಯಾರಾದರೂ ಕೇಳಿದ್ದೀರಾ? ನಿಮ್ಮ ಕುರ್ಚಿಗೆ ಮೆತ್ತನೆಯ ದಿಂಬು ಕಟ್ಟಿದ್ದನ್ನು ಕಂಡೆ. ಅದು ಯಾವ ಹೊಲಿಗೆ ಬಿಚ್ಚಿದ್ದಕ್ಕೆ?

ಗುರುಶಾಂತ ಚೀಟಿ ನೋಡಿ, “ಡಾಕ್ಟ್ರ ಆರಾಮ್ ಆಗೈತಿ ಅಂದಾರ, ಇನ್ನೇನ ಬೇ? ಹತ್ತು ಮ್ಯಾಲ,” ಎಂದ. ಹತ್ತಿದಳು. ಮೂರನೇ ಅಂತಸ್ತಿನಲ್ಲಿ ಪುಟ್ಟಿ ಸಮೇತ ಕೂತುಬಿಟ್ಟಳು. ಇಬ್ಬರು ಎತ್ತಿಕೊಂಡು ಇಳಿಸಿದರು. ಬೇರೆ ಚೀಟಿ ತರಲು ಗುರುಶಾಂತ ಶನಿವಾರದ ತನಕ ಗಡುವು ಕೊಟ್ಟಿದ್ದಾನೆ.

ಆದ್ದರಿಂದ ಆ ಚೀಟಿ ಹರಿದು ಬೇರೆ ಬರೆಯಿರಿ. ಶುಕ್ರವಾರ ಹನ್ನೊಂದಕ್ಕೆ ಬಂಡೆಮ್ಮ ಬರುತ್ತಾಳೆ, ಜತೆಗೆ ಪುಟ್ಟಿ ಹೊರುವ ಇಪ್ಪತ್ತೆರಡು ಮಂದಿ ಹೆಂಗಸರು. ನಮ್ಮನ್ನು ಬಗ್ಗಿಸಿ ಪರೀಕ್ಷೆ ಮಾಡಬೇಡಿ. ಬಗ್ಗುವುದು ನಮಗೆ ರೂಢಿಯಾಗಿದೆ. ನಿಮ್ಮ ನೆಲದ ಮೇಲೆ ಕೂರುತ್ತೇವೆ. ನಾವು ಏಳುವುದನ್ನು ನೋಡಿ. ಒಬ್ಬೊಬ್ಬಳಿಗೂ ಹೊತ್ತು ಹಿಡಿಯುತ್ತದೆ. ಊಟದ ಡಬ್ಬಿ ತಂದಿಟ್ಟುಕೊಳ್ಳಿ.

ಇಂತಿ,
ಹಿಮಾಯತ್‌ನಗರದ ಕಾರ್ಮಿಕ ಸಂಘದ ಆಫೀಸಿನಲ್ಲಿ ಬರೀ ಕೂತು ಕೂತೇ ಟೊಂಕ ಕಳೆದುಕೊಂಡ
ಗುಣವತಿ