ಗಂಜಿಯ ಚಮಚೆಯಲ್ಲಿ ಬಂದದ್ದು

ಕಪ್ಪತಗುಡ್ಡ, ಗಾಳಿಕಂಬ ನಲವತ್ತೊಂದು
ಫೆಬ್ರವರಿ ೩೦, ೨೨೪೧

ಫಕ್ಕೀರವ್ವಜ್ಜಿಗೆ,

ನಿನ್ನ ಕ್ಯಾಲೆಂಡರಿನಲ್ಲಿ ಈ ದಿನ ಇಲ್ಲ, ನಮ್ಮದರಲ್ಲಿ ಇದೆ. ನನ್ನ ಕೆಲವು ಮಾತುಗಳೂ ನಿನಗೆ ಹೊಸವು, ಬೇಸರಿಸಬೇಡ. ನಾನು ಹೊನ್ನವ್ವ, ನಿನ್ನಿಂದ ಎಂಟನೆಯ ತಲೆಮಾರು, ವಯಸ್ಸು ಅರವತ್ತೊಂದು. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನೋಡಿಕೊಳ್ಳುತ್ತೇನೆ. ಇಪ್ಪತ್ತೇಳು ವರ್ಷಗಳಿಂದ ಒಬ್ಬಳೇ ಇದ್ದೇನೆ.

ನನ್ನನ್ನು ಇಲ್ಲಿ 'ಹೊತ್ತವಳು' ಎನ್ನುತ್ತಾರೆ. ಎಂಜಲಿನಿಂದ ಹರಡುವ ಒಂದು ವೈರಾಣು ನನ್ನ ರಕ್ತದ ಬಿಳಿ ಕಣಗಳಲ್ಲಿದೆ. ನಿನ್ನ ಕಾಲದಲ್ಲಿ ಅದು ಹತ್ತರಲ್ಲಿ ಒಂಬತ್ತು ಜನರಲ್ಲಿತ್ತು. ಬಹುತೇಕ ಎಲ್ಲರಲ್ಲೂ ಕೊನೆಯವರೆಗೆ ತೆಪ್ಪಗೆ ಮಲಗಿರುತ್ತಿತ್ತು. ಎಲ್ಲೋ ಕೆಲವರಲ್ಲಿ ಮಾತ್ರ ತಾನಿದ್ದ ಕಣವನ್ನು ಅಂಕೆಯಿಲ್ಲದೆ ಬೆಳೆಯಲು ಬಿಟ್ಟು, ದುಗ್ಧಗ್ರಂಥಿಗಳ ಕ್ಯಾನ್ಸರಿಗೆ ದಾರಿ ಮಾಡುತ್ತಿತ್ತು. ನನ್ನ ಅವ್ವನ ಕಾಲಕ್ಕೆ ಲಸಿಕೆ ಬಂತು. ಹುಟ್ಟುವಾಗ ನಾನು ಸೊರಗಿದ್ದೆನೆಂದು ನನ್ನ ಲಸಿಕೆಯನ್ನು ಒಂದು ವರ್ಷ ಮುಂದೂಡಿದರು. ಆ ವರ್ಷವೇ ಅವ್ವನ ಅವ್ವ ಕಾಳವ್ವಜ್ಜಿ ಗಂಜಿಯ ಬಿಸಿಯನ್ನು ತನ್ನ ನಾಲಿಗೆಯಲ್ಲಿ ನೋಡಿ, ಅದೇ ಚಮಚೆಯಿಂದ ನನಗೆ ಉಣಿಸಿದಳು. ಅವ್ವ ಬೈದರೆ, "ನನ್ನ ಬಾಯಿ ಮೊದ್ಲ ಸುಟ್ಟೈತಿ, ಕೂಸಿಂದ್ಯಾಕ ಸುಡಬೇಕ?" ಎಂದು ನಗುತ್ತಿದ್ದಳಂತೆ.

ಮೂವತ್ನಾಲ್ಕಕ್ಕೆ ನನ್ನ ಕೊರಳಲ್ಲಿ ಗಂಟೆದ್ದಿತು. ಕೂಡಲೇ ತೋರಿಸಿದೆ, ಆರು ವಾರಗಳ ಚಿಕಿತ್ಸೆಯಲ್ಲಿ ವಾಸಿಯಾಯಿತು. ಗಂಟು ಹೋಯಿತು, ಹೆಸರು ಉಳಿಯಿತು. ಹೊತ್ತವರು ಲಸಿಕೆಯಾಗದ ಹಸುಗೂಸುಗಳಿಗೆ ಉಣಿಸಬಾರದು ಎಂಬುದಷ್ಟೇ ನಿಯಮ. ಜನ ಅದನ್ನು ಹೊಸ್ತಿಲಿಗೂ ನೀರಿನ ಲೋಟಕ್ಕೂ ಹಿಗ್ಗಿಸಿದರು. ತಮ್ಮ ಮುದಕಪ್ಪನ ಮಗಳ ಮದುವೆಗೆ ಇಳಿದು ಹೋಗಿದ್ದೆ. "ಅಕ್ಕಾ, ಬಾಗಿಲದಾಗ ಕುಂದ್ರ ನೀ. ತಪ್ಪ ತಿಳ್ಕೋಬ್ಯಾಡ, ಬೀಗರು ಹೊಸಬರು" ಎಂದ. ಬಾಗಿಲಲ್ಲೇ ಕುಳಿತು ಉಂಡೆ. ನಂತರ ಗುಡ್ಡ ಇಳಿಯಲಿಲ್ಲ. ತಿಂಗಳಿಗೊಮ್ಮೆ ದಿನಸಿ ತರುವವನು ಚೀಲವನ್ನು ಕಲ್ಲಿನ ಮೇಲಿಟ್ಟು ಹಾರ್ನ್ ಹೊಡೆದು ಹೋಗುತ್ತಾನೆ. ಹಾರ್ನಿಗೆ ನಾನು ಕೈ ಬೀಸುತ್ತೇನೆ. ಅವನು ಆಗಲೇ ತಿರುವು ದಾಟಿರುತ್ತಾನೆ.

ನೀನು ಸಿಕ್ಕದ್ದು ಹೋದ ವರ್ಷ. ನಿನ್ನ ಕೊರಳಿಂದ ತೆಗೆದ ಗ್ರಂಥಿಯ ಚೂರೊಂದು ಹಳೆಯ ಆಸ್ಪತ್ರೆಯೊಂದರಲ್ಲಿ, ಪರೀಕ್ಷೆಗೆಂದು ಮಾಡಿದ ಮೇಣದ ಬಿಲ್ಲೆಯೊಳಗೆ ಉಳಿದಿತ್ತು. ಅದರೊಳಗಿನ ವೈರಾಣುವಿಗೂ ನನ್ನದಕ್ಕೂ ಒಂದೇ ವಂಶ ಎಂದು ಪ್ರಯೋಗಾಲಯದವರು ಬರೆದರು. ನಿನ್ನ ಮುಖ, ದನಿ ಯಾವುದೂ ನಮ್ಮವರೆಗೆ ಬಂದಿಲ್ಲ. ಚಮಚೆಯಿಂದ ಚಮಚೆಗೆ ದಾಟಿ ಇದೊಂದು ಬಂದಿದೆ.

ನಾಳೆ ಅದೂ ಹೋಗುತ್ತದೆ. ವೈರಾಣುವಿರುವ ಕಣಗಳನ್ನು ಹುಡುಕಿ ತೆಗೆಯುವ 'ತೊಳೆತ' ಈಗ ಸಾಧ್ಯ. ಎರಡು ಸಲ ಕರೆ ಬಂದರೂ ನಾನು ಹೋಗಲಿಲ್ಲ. ಇದನ್ನೂ ಕಳೆದರೆ ನನ್ನೊಂದಿಗೆ ಯಾರಿರುತ್ತಾರೆ ಎನಿಸುತ್ತಿತ್ತು. ಮೊನ್ನೆ ಮುದಕಪ್ಪ ಫೋನಿನಲ್ಲಿ ಮಾತಾಡಿದ. ಮೊಮ್ಮಗಳಿಗೆ ಏಳು ತಿಂಗಳು, ಲಸಿಕೆ ಇನ್ನೂ ಆಗಿಲ್ಲವಂತೆ. "ತೊಳಿಸ್ಕೊಂಡ ಬಾ ಅಕ್ಕಾ. ಗಂಜಿ ಉಣಿಸಾಕ ನಮ್ಮ ಮನ್ಯಾಗ ಹಿರೇರು ಇನ್ಯಾರದಾರ?" ಎಂದ. "ಈ ಸಲ ಒಳಗ ಕುಂದ್ರ" ಎಂದೂ ಸೇರಿಸಿದ. ಬಾಗಿಲ ಮಾತನ್ನು ಅವನೂ ಮರೆತಿಲ್ಲ.

ನಿನ್ನ ಬಿಲ್ಲೆಯೊಂದಿಗೆ ಒಂದು ಚೀಟಿ ಇತ್ತು: 'ವಯಸ್ಸು ೫೮. ಐದು ತಿಂಗಳಿಂದ ಗಂಟು. ನೋವಿಲ್ಲದ ಕಾರಣ ತೋರಿಸಿಲ್ಲ.' ಮರುಭೇಟಿಯ ಜಾಗ ಖಾಲಿ ಇದೆ.

ಕೂಸಿಗೆ ಉಣಿಸಿದ್ದು ನಿನ್ನ ತಪ್ಪಲ್ಲ, ಕಾಳವ್ವಜ್ಜಿಯದೂ ಅಲ್ಲ. ಆದರೆ ಆ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಐದು ತಿಂಗಳು ಕಾಯಬೇಡ. ನೋವಿಲ್ಲವೆಂದು ಸುಮ್ಮನಿರಬೇಡ. ನಾನು ನಾಳೆ ಬೆಳಿಗ್ಗೆ ಗುಡ್ಡ ಇಳಿಯುತ್ತೇನೆ. ನೀನೂ ಹೊರಡು.

ನಿನ್ನ
ಹೊನ್ನವ್ವ